ಒಂದು ತಂತಿ, ಎರಡು ಮರ

ನಮ್ಮ ಹಿತ್ತಿಲಲ್ಲಿ ಬಟ್ಟೆ ಹರವಲು ಒಂದು ಕಬ್ಬಿಣದ ತಂತಿ ಇತ್ತು. ಅದರ ಒಂದು ತುದಿಯನ್ನು ತೆಂಗಿನ ಮರಕ್ಕೆ, ಇನ್ನೊಂದು ತುದಿಯನ್ನು ಹಲಸಿನ ಮರಕ್ಕೆ ಅಪ್ಪ ಬಿಗಿಯಾಗಿ ಸುತ್ತಿದ್ದರು. ಆಗ ಹಲಸು ಇನ್ನೂ ಎಳೆಯದು, ತೊಡೆಯಷ್ಟು ದಪ್ಪ. ಆಮೇಲೆ ಎಷ್ಟೋ ವರ್ಷ ಆ ಕಡೆ ಯಾರೂ ಸರಿಯಾಗಿ ನೋಡಲಿಲ್ಲ. ಒಂದು ದಿನ ಅಮ್ಮ, "ಈ ಮರಕ್ಕೆ ಏನೋ ಆಗೈತೆ ನೋಡಿ, ಕತ್ತು ಹಿಸುಕಿದಂಗೈತೆ" ಎಂದಾಗ ಎಲ್ಲರೂ ಹೋಗಿ ನೋಡಿದೆವು. ತಂತಿ ತೊಗಟೆಯೊಳಗೆ ಇಳಿದು ಕಾಣಿಸದಂತಾಗಿತ್ತು. ಅದರ ಮೇಲ್ಭಾಗ ಸಿಂಬಿ ಇಟ್ಟ ಹಾಗೆ ಊದಿಕೊಂಡಿತ್ತು, ಕೆಳಭಾಗ ಸೊರಗಿತ್ತು. ಅದೇ ತಂತಿಯ ಆಚೆ ತುದಿಯಲ್ಲಿ ತೆಂಗಿನ ಮರಕ್ಕೆ ಏನೂ ಆಗಿರಲಿಲ್ಲ. ಅಪ್ಪ ಕಟ್ಟಿದ ದಿನ ಎಷ್ಟು ಬಿಗಿ ಇತ್ತೋ ಅಷ್ಟೇ ಬಿಗಿ. ಬೆರಳು ತೂರಿಸಿದರೆ ಸ್ವಲ್ಪ ಅಲ್ಲಾಡುತ್ತಿತ್ತು ಕೂಡ.

ಒಂದೇ ಮಣ್ಣು, ಒಂದೇ ನೀರು, ಒಂದೇ ತಂತಿ. ಹಾಗಿದ್ದ ಮೇಲೆ ಒಂದು ಮರದ ಕತ್ತು ಬಿಗಿದು ಇನ್ನೊಂದು ಮರಕ್ಕೆ ಏನೂ ಆಗದೆ ಉಳಿದದ್ದು ಹೇಗೆ? ಶಾಲೆಯಲ್ಲಿ ನಾವೆಲ್ಲ ಗಿಡದ ಚಿತ್ರ ಬರೆದು ಬೇರು, ಕಾಂಡ, ಎಲೆ, ಹೂವು, ಹಣ್ಣು ಎಂದು ಬಾಣದ ಗುರುತು ಹಾಕಿದವರೇ. ಆ ಚಿತ್ರ ತಪ್ಪಲ್ಲ. ಆದರೆ ಗಿಡ ಬೆಳೆಯುವುದು ಎಲ್ಲಿ ಎಂಬುದನ್ನು ಅದು ತೋರಿಸುವುದಿಲ್ಲ. ಹಸು, ಕುರಿ, ಮಗು ಬೆಳೆಯುವಾಗ ಮೈಯೆಲ್ಲ ಒಟ್ಟಿಗೆ ಬೆಳೆಯುತ್ತದೆ. ಗಿಡದ ರೀತಿ ಬೇರೆ. ಗಿಡದ ಮೈಯಲ್ಲಿ ಬೆಳೆಯುವ ಜಾಗಗಳು ಕೆಲವೇ ಕೆಲವು, ಉಳಿದದ್ದೆಲ್ಲ ಬೆಳೆದು ನಿಂತ ಭಾಗ. ಆ ಕೆಲವೇ ಜಾಗಗಳು ಯಾವುವು ಎಂದು ಗೊತ್ತಾದರೆ ನಮ್ಮ ತುಮಕೂರು ಜಿಲ್ಲೆಯ ಗುಬ್ಬಿ ಸೀಮೆಯ ತೋಟದಲ್ಲಿ ದಿನಾ ಕಣ್ಣಿಗೆ ಬೀಳುವ ಹತ್ತಾರು ಸಂಗತಿಗಳು ತಾವೇ ಬಿಡಿಸಿಕೊಳ್ಳುತ್ತವೆ.

ಮೊದಲನೆಯದು ತುದಿ. ಚಿಗುರಿನ ತುದಿಯಲ್ಲಿ ಮತ್ತು ಬೇರಿನ ತುದಿಯಲ್ಲಿ ಸದಾ ಒಡೆದು ಎರಡಾಗುತ್ತಲೇ ಇರುವ ಜೀವಕೋಶಗಳ ಗುಂಪು ಇರುತ್ತದೆ. ಮರ ಉದ್ದವಾಗುವುದು ಅಲ್ಲಿಂದ ಮಾತ್ರ. ಹುಡುಗರು ಮರದ ಮೇಲೆ ಹೆಸರು ಕೆತ್ತಿ, ಮರ ಬೆಳೆದಂತೆ ಹೆಸರೂ ಮೇಲೆ ಹೋಗುತ್ತದೆ ಎಂದುಕೊಳ್ಳುತ್ತಾರೆ. ಹೋಗುವುದಿಲ್ಲ. ಮೂರಡಿ ಎತ್ತರದಲ್ಲಿ ಹೊಡೆದ ಮೊಳೆ ಮರ ಮೂವತ್ತು ಅಡಿ ಬೆಳೆದ ಮೇಲೂ ಮೂರಡಿಯಲ್ಲೇ ಇರುತ್ತದೆ.

ಎರಡನೆಯದು ತೊಗಟೆಯ ಅಡಿಯಲ್ಲಿರುವ ಒಂದು ಪೊರೆ. ಹಲಸು, ಮಾವು, ಹುಣಸೆ, ಬೇವು, ಹೊಂಗೆ ಎಲ್ಲಕ್ಕೂ ಅದು ಇದೆ. ಹಸಿ ಕೊಂಬೆಯ ತೊಗಟೆ ಸುಲಿದಾಗ ಒಳಗೆ ಜಾರುವ ತೇವ ಕೈಗೆ ತಾಗುತ್ತದಲ್ಲ, ಅಲ್ಲಿದೆ ಅದು. ಹೆಸರು ಕ್ಯಾಂಬಿಯಂ. ಕಣ್ಣಿಗೆ ಬೇರೆಯಾಗಿ ಕಾಣಿಸದಷ್ಟು ತೆಳು. ಅದು ಒಳಮುಖವಾಗಿ ನೀರಿನ ಕೊಳವೆಗಳನ್ನು ಕಟ್ಟುತ್ತದೆ, ಹೊರಮುಖವಾಗಿ ಊಟದ ಕೊಳವೆಗಳನ್ನು ಕಟ್ಟುತ್ತದೆ. ಪಾಠದಲ್ಲಿ ಕ್ಸೈಲಮ್, ಫ್ಲೋಯಮ್ ಎಂದು ಕಲಿತದ್ದು ಇವನ್ನೇ. ಬೇರು ಹೀರಿದ ನೀರು ಒಳಗಿನ ಕೊಳವೆಗಳಲ್ಲಿ ಮೇಲಕ್ಕೆ ಹೋಗುತ್ತದೆ. ಎಲೆ ತಯಾರಿಸಿದ ಸಕ್ಕರೆ ಹೊರಗಿನ ಕೊಳವೆಗಳಲ್ಲಿ ಕಾಯಿಗೆ, ಚಿಗುರಿಗೆ, ಬೇರಿಗೆ ಹರಿಯುತ್ತದೆ. ಒಳಗಿನ ಕೊಳವೆಗಳು ವರ್ಷ ವರ್ಷವೂ ಸೇರಿಕೊಂಡು ಮರ ದಪ್ಪವಾಗುತ್ತದೆ. ಹಳೆಯವು ಕ್ರಮೇಣ ಮುಚ್ಚಿ, ಗಟ್ಟಿಯಾಗಿ ಚೇಗು ಆಗುತ್ತವೆ. ಹಲಸಿನ ಹಳದಿ ಚೇಗು ಹೀಗೆ ಆದದ್ದು. ವೀಣೆ, ಮೃದಂಗಗಳನ್ನು ಮಾಡುವುದು ಮರದ ಈ ನಡುಭಾಗದಿಂದ. ಅದರ ಸುತ್ತಲಿನ ಬಿಳಿ ಮರವನ್ನು ಬಡಗಿ ಕೆತ್ತಿ ಬಿಸಾಡುತ್ತಾನೆ, ಗೆದ್ದಲು ಮೊದಲು ತಿನ್ನುವುದು ಅದನ್ನೇ.

ನಮ್ಮ ತಂತಿ ಮಾಡಿದ್ದೇನು ಎಂಬುದು ಈಗ ಗೊತ್ತಾಗುತ್ತದೆ. ಮರ ದಪ್ಪವಾಗುತ್ತಾ ಬಂತು, ತಂತಿ ಹಿಗ್ಗಲಿಲ್ಲ. ಅದು ಒತ್ತಿದ್ದು ಹೊರಗಿರುವ ಊಟದ ಕೊಳವೆಗಳನ್ನು. ನೀರು ಒಳಗಿನಿಂದ ಮೇಲೆ ಹೋಗುತ್ತಲೇ ಇತ್ತು, ಆದ್ದರಿಂದ ಎಲೆ ಬಾಡಲಿಲ್ಲ, ನಮಗೂ ಗೊತ್ತಾಗಲಿಲ್ಲ. ಎಲೆಯಿಂದ ಇಳಿದು ಬಂದ ಸಕ್ಕರೆ ಮಾತ್ರ ತಂತಿಯ ಹತ್ತಿರ ತಡೆದು ನಿಂತಿತು. ಮೇಲ್ಭಾಗ ಊದಿತು, ಕೆಳಗೆ ಬೇರು ಅರೆಹೊಟ್ಟೆಯಲ್ಲಿ ಉಳಿಯಿತು. ಇಟಲಿಯ ವೈದ್ಯ ಮಾಲ್ಪಿಘಿ 17ನೇ ಶತಮಾನದಲ್ಲೇ ಕೊಂಬೆಗಳ ಸುತ್ತ ಬಳೆಯಷ್ಟಗಲ ತೊಗಟೆ ಸುಲಿದು ಇದನ್ನು ನೋಡಿದ್ದ. ಸುಲಿದ ಜಾಗದ ಮೇಲಂಚು ಊದಿಕೊಂಡಿತು, ಕೆಳಗಂಚು ಊದಲಿಲ್ಲ. ಮೇಲಿನಿಂದ ಕೆಳಗೆ ಬರುವ ಯಾವುದೋ ಒಂದು ತೊಗಟೆಯಲ್ಲೇ ಹರಿಯುತ್ತದೆ ಎಂದು ಅವನಿಗೆ ಅದರಿಂದ ಹೊಳೆಯಿತು. ನಮ್ಮ ಹಳ್ಳಿಗಳಲ್ಲಿ ಬೇಡದ ಮರವನ್ನು ಒಣಗಿಸಲು ಬುಡದ ಸುತ್ತ ತೊಗಟೆ ಕೆತ್ತುವವರಿಗೂ ಇದು ಗೊತ್ತು. ಮರ ಅಂದೇ ಸಾಯುವುದಿಲ್ಲ. ಬೇರಿನಲ್ಲಿ ಕೂಡಿಟ್ಟ ದಾಸ್ತಾನು ಮುಗಿಯುವವರೆಗೆ ಹಸಿರಾಗಿ ನಿಂತು, ಆಮೇಲೆ ಸಾಯುತ್ತದೆ.

ಅಪ್ಪ ಇಕ್ಕಳ ತಂದು ತಂತಿಯನ್ನು ಕತ್ತರಿಸಿದರು. ಪೂರ್ತಿ ಈಚೆ ಬರಲಿಲ್ಲ, ಎರಡು ಕಡೆ ಮರದೊಳಗೇ ಉಳಿಯಿತು. ಮರ ಆ ತುಂಡುಗಳನ್ನು ಹಾಗೇ ನುಂಗಿ ಮೇಲೆ ಹೊಸ ತೊಗಟೆ ಹೊದ್ದುಕೊಂಡಿತು. ಬದುವಿನ ಮರಕ್ಕೆ ಮುಳ್ಳುತಂತಿ ಹೊಡೆದವರೆಲ್ಲ ಇದನ್ನು ನೋಡಿರುತ್ತಾರೆ. ಗಾಯದ ಅಂಚಿನಿಂದ ಕ್ಯಾಂಬಿಯಂ ತುಟಿಯಂತೆ ಉಬ್ಬಿ ಬಂದು ನಾಲ್ಕೈದು ವರ್ಷದಲ್ಲಿ ಮುಚ್ಚುತ್ತದೆ.

ತೆಂಗಿನ ಮರಕ್ಕೆ ಈ ಪೊರೆಯೇ ಇಲ್ಲ. ತೆಂಗು, ಅಡಿಕೆ, ಈಚಲು ಎಲ್ಲ ರಾಗಿ, ಜೋಳ, ಬಿದಿರುಗಳ ಪೈಕಿ. ಬೀಜದಲ್ಲಿ ಒಂದೇ ದಳ, ಕಾಂಡದಲ್ಲಿ ಕ್ಯಾಂಬಿಯಂ ಇಲ್ಲ. ಕಡಿದ ತೆಂಗಿನ ಮರದ ಅಡ್ಡಕೊಯ್ತ ನೋಡಿ. ಹಲಸಿನಲ್ಲಿ ಕಾಣುವ ಚೇಗು, ಬಿಳಿ ಮರ, ತೊಗಟೆ ಎಂಬ ಸುತ್ತುಗಳು ಇಲ್ಲಿಲ್ಲ. ಸಾವಿರಾರು ಕಂದು ಚುಕ್ಕಿಗಳು ಎರಚಿದಂತೆ ಕಾಣುತ್ತವೆ. ಒಂದೊಂದು ಚುಕ್ಕಿಯೂ ಒಂದೊಂದು ನಾರಿನ ಕಟ್ಟು, ಅದರೊಳಗೆ ನೀರಿನ ಕೊಳವೆಯೂ ಊಟದ ಕೊಳವೆಯೂ ಜೋಡಿಯಾಗಿವೆ. ಆ ಕಟ್ಟುಗಳು ಅಂಚಿನಲ್ಲಿ ದಟ್ಟ, ನಡುವೆ ವಿರಳ. ಹಲಸಿನಲ್ಲಿ ಗಟ್ಟಿ ಇರುವುದು ನಡುವೆ, ತೆಂಗಿನಲ್ಲಿ ಗಟ್ಟಿ ಇರುವುದು ಅಂಚಿನಲ್ಲಿ. ತೆಂಗಿನ ತೊಲೆ ಮಾಡುವವರು ನಡುವಿನ ಮೆತ್ತನೆಯ ಭಾಗವನ್ನು ಬಿಡುವುದು ಇದೇ ಕಾರಣಕ್ಕೆ.

ಕ್ಯಾಂಬಿಯಂ ಇಲ್ಲದ ಮೇಲೆ ತೆಂಗಿನ ಗಾಯ ಮಾಯುವುದಿಲ್ಲ. ಮರ ಹತ್ತಲು ಅಜ್ಜನ ಕಾಲದಲ್ಲಿ ಹಾಕಿದ ಕಚ್ಚು ಮೊಮ್ಮಗನ ಕಾಲದಲ್ಲೂ ಹಾಗೇ ಇರುತ್ತದೆ. ಆ ಕಚ್ಚಿನಲ್ಲಿ ನೀರು ನಿಂತು ಕೊಳೆತು ರಸ ಸೋರುವ ರೋಗ ಬರಬಹುದು, ಕೆಂಪು ಮೂತಿ ಹುಳು ಮೊಟ್ಟೆ ಇಡಬಹುದು. ಹಲಸಿಗೆ ಹೊಡೆದ ಮೊಳೆ ಮರಕ್ಕೆ ನೋವು, ಆದರೆ ಮರ ಅದನ್ನು ಮುಚ್ಚಿಕೊಳ್ಳುತ್ತದೆ. ತೆಂಗಿಗೆ ಹೊಡೆದ ಮೊಳೆ ಬಾಗಿಲು ತೆರೆದಿಟ್ಟಂತೆ. ಎಳನೀರಿನ ಅಂಗಡಿಯ ಬೋರ್ಡನ್ನು ತೆಂಗಿನ ಮರಕ್ಕೇ ಮೊಳೆ ಹೊಡೆದು ನೇತುಹಾಕಿದ್ದು ಕಂಡಾಗೆಲ್ಲ ನನಗೆ ಸಂಕಟವಾಗುತ್ತದೆ.

ಇನ್ನೊಂದು ಸಂಗತಿ ನನ್ನನ್ನು ಯಾವತ್ತೂ ಬೆರಗಾಗಿಸಿದೆ. ಹಲಸು ಹೊಸ ಹೊಸ ಕೊಳವೆ ಕಟ್ಟಿಕೊಂಡು ಹಳೆಯದನ್ನು ಬಿಡುತ್ತದೆ. ತೆಂಗಿನ ಕಾಂಡದಲ್ಲಿ ಒಮ್ಮೆ ಕಟ್ಟಿದ ಕೊಳವೆಗಳೇ ಕೊನೆಯವರೆಗೆ. ಅರವತ್ತು ವರ್ಷದ ಮರದ ಬುಡದಲ್ಲಿ ಇವತ್ತು ನೀರು ಹತ್ತುತ್ತಿರುವುದು ಅದು ಎಳೆಯ ಮರವಾಗಿದ್ದಾಗ ಆದ ಕೊಳವೆಯಲ್ಲಿ, ಸಕ್ಕರೆ ಇಳಿಯುತ್ತಿರುವುದು ಅಂದಿನ ಜೀವಕೋಶಗಳಲ್ಲಿ. ಮರದ ದಪ್ಪವೂ ಹಾಗೆಯೇ. ಸುಳಿ ಆ ಎತ್ತರದಲ್ಲಿದ್ದಾಗ ಎಷ್ಟು ದಪ್ಪ ಕಟ್ಟಿತೋ ಅಷ್ಟೇ, ಆಮೇಲೆ ಹೆಚ್ಚುಕಡಿಮೆ ಬದಲಾವಣೆ ಇಲ್ಲ. ಹಾಗಾಗಿ ಬರಗಾಲದಲ್ಲಿ ಸುಳಿ ಸೊರಗಿದರೆ ಅಷ್ಟು ಎತ್ತರದಲ್ಲಿ ಮರದ ಸೊಂಟ ಸಣ್ಣದಾಗುತ್ತದೆ. ಮಳೆ ಬಂದ ಮೇಲೆ ಅದರ ಮೇಲಿನ ಭಾಗ ಮತ್ತೆ ದಪ್ಪವಾಗುತ್ತದೆ, ಸಣ್ಣದಾದದ್ದು ಸಣ್ಣದಾಗಿಯೇ ಉಳಿಯುತ್ತದೆ. ನಿಟ್ಟೂರಿನ ಕಡೆಯ ಹಳೆಯ ತೋಟ ತುಡಿಕೆಗಳಲ್ಲಿ ನಿಂತು ಮರಗಳನ್ನು ಬುಡದಿಂದ ಮೇಲಕ್ಕೆ ನೋಡಿಕೊಂಡು ಹೋಗಿ. ಅಲ್ಲಲ್ಲಿ ಸಣ್ಣಗಾದ ಕಾಂಡ ಕಾಣಿಸಿದರೆ ಆ ಮರ ಆ ಎತ್ತರದಲ್ಲಿದ್ದಾಗ ಕಷ್ಟ ಕಂಡಿತ್ತು ಎಂದು ತಿಳಿಯಿರಿ.

ತೆಂಗು ಬೆಳೆಯುವ ಒಂದೇ ಒಂದು ಮೇಲ್ತುದಿ ಅದರ ಸುಳಿ. ಹಲಸಿನ ಕೊಂಬೆ ಕಡಿದರೆ ಪಕ್ಕದ ಮೊಗ್ಗು ಚಿಗುರುತ್ತದೆ, ಬೋಳು ಮಾಡಿದರೂ ಬುಡದಿಂದ ಚಿಗುರುತ್ತದೆ. ತೆಂಗಿನ ಸುಳಿ ಹೋದರೆ ಮರ ಹೋಯಿತು. ಕುರುವಾಯಿ ಕೀಟ ಸುಳಿಯನ್ನು ಕೊರೆದು ನಾರು ಉಗುಳಿದಾಗ, ಮಳೆಗಾಲದಲ್ಲಿ ಸುಳಿ ಕೊಳೆತು ಎಳೆದರೆ ಕೈಗೆ ಬಂದಾಗ ರೈತನ ಎದೆ ಹೊಡೆದುಕೊಳ್ಳುವುದು ಸುಮ್ಮನಲ್ಲ. ಮೂವತ್ತು ವರ್ಷ ಸಾಕಿದ ಮರದ ಜೀವ ಒಂದು ಮುಷ್ಟಿ ಗಾತ್ರದ ಬಿಳಿ ತಿರುಳಿನಲ್ಲಿದೆ.

ಬೇರಿನ ಕಡೆಗೂ ಒಮ್ಮೆ ಬಗ್ಗಿ ನೋಡೋಣ. ಹಲಸಿನ ಬೀಜ ಮೊಳೆತರೆ ಮೊದಲು ಇಳಿಯುವುದು ತಾಯಿಬೇರು. ಅದು ಬಹಳ ಬೇಗ ಆಳಕ್ಕೆ ಹೋಗುತ್ತದೆ. ಚಿಕ್ಕ ಪ್ಲಾಸ್ಟಿಕ್ ಚೀಲದಲ್ಲಿ ಬಹಳ ದಿನ ಇಟ್ಟ ಸಸಿಯಲ್ಲಿ ಅದು ತಳದಲ್ಲಿ ಸುರುಳಿ ಸುತ್ತಿಕೊಳ್ಳುತ್ತದೆ. ಅಂಥ ಸಸಿ ನೆಟ್ಟರೆ ಎಷ್ಟೋ ವರ್ಷ ಕಳೆದ ಮೇಲೂ ಗಾಳಿಗೆ ವಾಲುವ ಭಯ. ತೆಂಗಿಗೆ ತಾಯಿಬೇರಿಲ್ಲ. ಬುಡದ ಗೆಡ್ಡೆಯಿಂದ ಕಿರುಬೆರಳಿನ ದಪ್ಪದ ಸಾವಿರಾರು ಬೇರುಗಳು ಸುತ್ತಲೂ ಹೊರಡುತ್ತವೆ. ಬೇರೆ ಗಿಡಗಳ ಬೇರಿನ ತುದಿಯ ಹತ್ತಿರ ಇರುವ ನವಿರಾದ ಬೇರುರೋಮಗಳು ತೆಂಗಿಗೆ ಇಲ್ಲ, ತುದಿಯ ಹಿಂದಿನ ಎಳೆಯ ಭಾಗವೇ ನೀರು ಹೀರುತ್ತದೆ. ಅಂದರೆ ನೀರನ್ನೂ ಗೊಬ್ಬರವನ್ನೂ ಕುಡಿಯುವ ಬಾಯಿಗಳು ಮರದ ಬುಡಕ್ಕೆ ಅಂಟಿಕೊಂಡಿಲ್ಲ, ದೂರದಲ್ಲಿವೆ. ಬುಡದ ಸುತ್ತ ಸುಮಾರು 1.8 ಮೀಟರ್ ದೂರದವರೆಗೆ ಪಾತಿ ಮಾಡಿ ಗೊಬ್ಬರ ಹಾಕಿ ಎಂದು ತೋಟಗಾರಿಕೆಯವರು ಹೇಳುವುದರ ಅರ್ಥ ಇದು. ಕಾಂಡಕ್ಕೆ ಒರಗಿಸಿ ಗೊಬ್ಬರ ಸುರಿದರೆ ಅದು ಊಟದ ತಟ್ಟೆಯನ್ನು ಬೆನ್ನಿನ ಹಿಂದೆ ಇಟ್ಟಂತೆ.

ಬೇರು ಹೀರಿದ ನೀರು ಅರವತ್ತು ಅಡಿ ಮೇಲೆ ಹತ್ತುವುದು ಹೇಗೆ ಎಂಬುದಕ್ಕೆ ಬಹಳ ಕಾಲ ಉತ್ತರ ಇರಲಿಲ್ಲ. ಬೇರು ಒತ್ತುತ್ತದೆ ಎಂಬುದು ನಿಜವೇ. ಬೆಳಗ್ಗೆ ರಾಗಿ ಹೊಲಕ್ಕೆ ಹೋದರೆ ಪೈರಿನ ಎಲೆಯ ತುದಿಯಲ್ಲಿ ಮಾತ್ರ ಒಂದೊಂದು ಹನಿ ನಿಂತಿರುವುದು ಕಾಣುತ್ತದೆ. ಎಲೆಯ ಮೈಮೇಲೆಲ್ಲ ಹರಡಿದ್ದು ಇಬ್ಬನಿ. ತುದಿಯಲ್ಲಿ ಮುತ್ತಿನಂತೆ ನಿಂತದ್ದು ಬೇರು ರಾತ್ರಿಯಿಡೀ ಒತ್ತಿ ಈಚೆ ಹಾಕಿದ ನೀರು. ಆದರೆ ಈ ಒತ್ತಡ ಮೊಣಕಾಲೆತ್ತರದ ಪೈರಿಗೆ ಸಾಕು, ತೆಂಗಿಗೆ ಸಾಲದು. 1894ರಲ್ಲಿ ಐರ್ಲೆಂಡಿನ ಡಬ್ಲಿನ್‌ನಲ್ಲಿ ಡಿಕ್ಸನ್ ಮತ್ತು ಜಾಲಿ ಎಂಬ ಇಬ್ಬರು ಕೊಟ್ಟ ವಿವರಣೆಯೇ ಇವತ್ತಿಗೂ ನಿಂತಿದೆ. ನೀರನ್ನು ಕೆಳಗಿನಿಂದ ಯಾರೂ ದೂಡುತ್ತಿಲ್ಲ, ಮೇಲಿನಿಂದ ಎಲೆ ಎಳೆಯುತ್ತಿದೆ. ಎಲೆಯ ಸಣ್ಣ ರಂಧ್ರಗಳಿಂದ ನೀರು ಆವಿಯಾಗಿ ಹೋದಂತೆಲ್ಲ ಅದರ ಹಿಂದಿನ ಹನಿ, ಅದರ ಹಿಂದಿನ ಹನಿ ಒಂದಕ್ಕೊಂದು ಅಂಟಿಕೊಂಡು ಹಗ್ಗದಂತೆ ಎಳೆದುಕೊಂಡು ಬರುತ್ತವೆ. ಬಾವಿಯಿಂದ ಕೊಡ ಸೇದಿದ ಹಾಗೆಯೇ. ಸೇದುವ ಶಕ್ತಿ ಬಿಸಿಲಿನದು.

ಎಲೆ ಇಷ್ಟೊಂದು ನೀರನ್ನು ಯಾಕೆ ಗಾಳಿಗೆ ಬಿಡುತ್ತದೆ? ಬಿಡಲೇಬೇಕು, ಬೇರೆ ದಾರಿಯಿಲ್ಲ. ಗಾಳಿಯೊಳಗಿನ ಇಂಗಾಲದ ಡೈಆಕ್ಸೈಡ್ ಎಲೆಯೊಳಗೆ ಬರುವುದು ಅದೇ ರಂಧ್ರಗಳಿಂದ. ಬಾಗಿಲು ತೆರೆದರೆ ಅದು ಒಳಗೆ ಬರುತ್ತದೆ, ನೀರು ಹೊರಗೆ ಹೋಗುತ್ತದೆ. ಬಾಗಿಲು ಮುಚ್ಚಿದರೆ ನೀರು ಉಳಿಯುತ್ತದೆ, ಎಲೆಯ ಸಕ್ಕರೆ ಅಡುಗೆ ನಿಲ್ಲುತ್ತದೆ. ಮರದ ತೂಕವೆಲ್ಲ ಮಣ್ಣಿನಿಂದ ಬಂದದ್ದು ಎಂದು ನಮಗೆ ಅನ್ನಿಸುವುದು ಸಹಜ. ಬೆಲ್ಜಿಯಂ ಕಡೆಯ ವಾನ್ ಹೆಲ್ಮಾಂಟ್ ಎಂಬಾತ ಸುಮಾರು 90 ಕಿಲೋ ಒಣ ಮಣ್ಣನ್ನು ತೂಗಿ ಕುಂಡಕ್ಕೆ ಹಾಕಿ, ಅದರಲ್ಲಿ ಒಂದು ಸಸಿ ನೆಟ್ಟು, ಐದು ವರ್ಷ ಬರೀ ನೀರು ಹಾಕಿದ. ಸಸಿ 75 ಕಿಲೋಗೂ ಹೆಚ್ಚಿನ ಮರವಾಯಿತು. ಮಣ್ಣು ಕಡಿಮೆಯಾದದ್ದು ಸುಮಾರು 57 ಗ್ರಾಂ. 1648ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಇದೆಲ್ಲ ನೀರಿನಿಂದಲೇ ಆಯಿತು ಎಂದು ಬರೆದ. ಅರ್ಧ ಸರಿ. ಇನ್ನರ್ಧ ಗಾಳಿಯಿಂದ ಬಂದದ್ದು ಎಂಬುದು ಅವನಿಗೆ ಗೊತ್ತಿರಲಿಲ್ಲ. ಹಲಸಿನ ಚೇಗು, ತೆಂಗಿನ ಚಿಪ್ಪು, ರಾಗಿ ಕಾಳು ಎಲ್ಲವೂ ಗಾಳಿ, ನೀರು, ಬಿಸಿಲು ಸೇರಿ ಎಲೆಯಲ್ಲಿ ಬೆಂದದ್ದು. ಮಣ್ಣು ಕೊಡುವುದು ಉಪ್ಪಿನಷ್ಟು, ಆದರೆ ಆ ಉಪ್ಪಿಲ್ಲದೆ ಅಡುಗೆ ಆಗುವುದಿಲ್ಲ.

ತೆಂಗಿನ ಗರಿಯಲ್ಲಿ ಈ ರಂಧ್ರಗಳು ಇರುವುದು ಕೆಳಮೈಯಲ್ಲಿ. ನಮ್ಮ ಜಿಲ್ಲೆಯ ತೋಟಗಳನ್ನು ಆಗಾಗ ಕಾಡುವ ಕಪ್ಪುತಲೆ ಹುಳು ಕುಳಿತು ತಿನ್ನುವುದೂ ಆ ಕೆಳಮೈಯನ್ನೇ. ಹಸಿರನ್ನು ಕೆರೆದು ತಿಂದು ಮೇಲಿನ ಪೊರೆಯನ್ನು ಮಾತ್ರ ಬಿಡುತ್ತದೆ. ದೂರದಿಂದ ತೋಟ ಬೆಂಕಿಗೆ ಸುಟ್ಟಂತೆ ಕಾಣುತ್ತದೆ. ಮರ ಸಾಯುವುದಿಲ್ಲ, ಆದರೆ ಅದರ ಅಡುಗೆಮನೆ ಸುಟ್ಟಿರುತ್ತದೆ. ಆ ನಷ್ಟ ಕಾಯಿಯಲ್ಲಿ ಕಾಣಿಸುವುದು ತಡವಾಗಿ.

ಈ ತಡವನ್ನು ನಾನು ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮಲ್ಲಿ ಬಹಳ ಜನ ಇದನ್ನು ತಪ್ಪು ತಿಳಿಯುತ್ತಾರೆ. ಚೆನ್ನಾಗಿರುವ ತೆಂಗಿನ ಮರ ತಿಂಗಳಿಗೆ ಒಂದರಂತೆ ವರ್ಷಕ್ಕೆ ಹನ್ನೆರಡು ಹದಿಮೂರು ಗರಿ ಬಿಡುತ್ತದೆ. ಪ್ರತಿ ಗರಿಯ ಕಂಕುಳಲ್ಲಿ ಒಂದು ಹೊಂಬಾಳೆ. ಆ ಹೊಂಬಾಳೆ ಒಡೆದು ಹೂ ಕಾಣುವುದಕ್ಕೆ ಎರಡೂವರೆ ವರ್ಷಕ್ಕೂ ಮೊದಲೇ ಅದರ ಮೊದಲ ಕುರುಹು ಸುಳಿಯೊಳಗೆ ಮೂಡಿರುತ್ತದೆ. ಹೂವಾದ ಮೇಲೆ ಕಾಯಿ ಬಲಿಯಲು ಇನ್ನೊಂದು ವರ್ಷ. ಅಂದರೆ ಇವತ್ತು ಕೆಡವಿದ ಕಾಯಿಯ ಕತೆ ಶುರುವಾದದ್ದು ಮೂರೂವರೆ ವರ್ಷದ ಹಿಂದೆ. 2023ರಲ್ಲಿ ರಾಜ್ಯದ ಬಹುತೇಕ ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾದವು. 2024ರಲ್ಲಿ ಮಳೆ ಬಂತು, ಕೆರೆಗೆ ನೀರು ಬಂತು. "ಮಳೆ ಬಂದ್ರೂ ಕಾಯಿ ಯಾಕ್ ಕಟ್ಲಿಲ್ಲ?" ಎಂದು ಜನ ಕೇಳಿದರು. 2025ರಲ್ಲಿ ಕಾಯಿ ಕಡಿಮೆಯಾಗಿ ಬೆಲೆ ಗಗನಕ್ಕೇರಿತು, ತಿಪಟೂರಿನ ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿ ಹಿಂದೆಂದೂ ಕಾಣದ ದರ ಕಂಡಿತು. ಬರದ ವರ್ಷ ಸುಳಿಯೊಳಗೆ ಸೊರಗಿದ ಹೊಂಬಾಳೆಗಳು ಈಚೆ ಬರುವ ಹೊತ್ತು ಅದು. ತೆಂಗಿಗೆ ನೀರು ಕೊಟ್ಟ ಫಲ ಇದೇ ವರ್ಷ ಕಾಣಲಿಲ್ಲ ಎಂದು ಕೈಬಿಟ್ಟವರು ಮೂರು ವರ್ಷದ ಮುಂದಿನ ಕಾಯಿಯನ್ನು ಇವತ್ತೇ ಉದುರಿಸಿಕೊಳ್ಳುತ್ತಾರೆ.

ತೆಂಗಿನ ಕಾಯಿ ಬೆಳೆಯುವ ಜಾಗವೂ ಒಂದೇ. ತೊಟ್ಟಿನ ಕೆಳಗೆ ಟೋಪಿಯಂತೆ ಮುಚ್ಚಿದ ಎಸಳುಗಳಿವೆಯಲ್ಲ, ಅವುಗಳ ಅಡಿಯಲ್ಲಿ. ಎಳೆಮಿಡಿಯ ಎಸಳು ಬಿಡಿಸಿದರೆ ಅಲ್ಲಿ ಬಿಳಿಯಾದ ಎಳೆಯ ಪಟ್ಟೆ ಕಾಣುತ್ತದೆ. 1998ರಲ್ಲಿ ಕೇರಳದಲ್ಲಿ ಮೊದಲು ಕಾಣಿಸಿಕೊಂಡು ನಮ್ಮ ತೋಟಗಳಿಗೂ ನುಗ್ಗಿದ ನುಸಿಪೀಡೆ ಹುಡುಕಿಕೊಂಡು ಹೋಗುವುದು ಆ ಪಟ್ಟೆಯನ್ನೇ. ಕಣ್ಣಿಗೆ ಕಾಣದ ನುಸಿ ಅಲ್ಲಿ ರಸ ಹೀರುತ್ತದೆ. ಕಾಯಿ ಬೆಳೆದು ಆ ಗಾಯಗೊಂಡ ಭಾಗ ಎಸಳಿನಿಂದ ಕೆಳಗೆ ಇಳಿದಾಗ ಕಂದು ಬಿರುಕಾಗಿ ಕಾಣುತ್ತದೆ. ಮಚ್ಚೆ ಕಂಡ ಮೇಲೆ ಮಚ್ಚೆಯ ಮೇಲೆ ಔಷಧ ಹೊಡೆದರೆ ಪ್ರಯೋಜನ ಸ್ವಲ್ಪವೇ, ನುಸಿ ಇರುವುದು ಇನ್ನೂ ಮೇಲೆ, ಟೋಪಿಯ ಒಳಗೆ.

ಕಾಯಿಯ ಒಳಗಿರುವುದು ಬೀಜದೊಳಗಿನ ಮಗುವಿಗೆ ಕಟ್ಟಿಟ್ಟ ಬುತ್ತಿ. ಬುತ್ತಿಯ ನೀರು ಭಾಗ ಎಳನೀರು, ಗಟ್ಟಿ ಭಾಗ ತಿರುಳು. ಬುರುಡೆಯ ಮೂರು ಕಣ್ಣಿನಲ್ಲಿ ಮೆತ್ತನೆಯ ಒಂದರ ಹಿಂದೆ ಮೊಳಕೆ ಮಲಗಿರುತ್ತದೆ. ಕಾಯಿ ಮೊಳೆತಾಗ ಒಳಗೆ ಸಿಗುವ, ಮಕ್ಕಳು ಕಿತ್ತಾಡಿ ತಿನ್ನುವ ಸಿಹಿ ಬೆಂಡಿನ ಉಂಡೆ ಇದೆಯಲ್ಲ, ಅದು ಆ ಸಸಿ ಬುತ್ತಿಯನ್ನು ಕರಗಿಸಿ ಹೀರಲು ಚಾಚಿದ ಅಂಗ. 1941ರಲ್ಲಿ ವಾನ್ ಓವರ್‌ಬೀಕ್ ಮತ್ತು ಜೊತೆಗಾರರು ಬೇರೆ ಗಿಡದ ಎಳೆಯ ಭ್ರೂಣಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಲು ಎಳನೀರು ಬಳಸಿ ಗೆದ್ದರು. ಅದರಲ್ಲಿ ಜೀವಕೋಶಗಳು ಒಡೆದು ಹೆಚ್ಚುವಂತೆ ಮಾಡುವ ರಸಗಳಿವೆ ಎಂದು ಆಮೇಲೆ ತಿಳಿಯಿತು.

ಹಲಸಿನ ಹೂವು ತೆಂಗಿನ ಹಾಗೆ ಕಣ್ಣಿಗೆ ಹೊಡೆಯುವುದಿಲ್ಲ. ಒಂದೇ ಮರದಲ್ಲಿ ಗಂಡು ಗೊಂಚಲು ಬೇರೆ, ಹೆಣ್ಣು ಗೊಂಚಲು ಬೇರೆ. ಗಂಡು ಗೊಂಚಲು ಬೆರಳಿನಂತೆ ನೀಳವಾಗಿದ್ದು ಪರಾಗ ಉದುರಿಸಿದ ಮೇಲೆ ಕಪ್ಪು ಬೂಷ್ಟು ಹಿಡಿದು ನೆಲಕ್ಕೆ ಬೀಳುತ್ತದೆ. ಅದನ್ನು ಕಂಡು ಮಿಡಿ ಉದುರುತ್ತಿದೆ ಎಂದು ಔಷಧದ ಅಂಗಡಿಗೆ ಓಡುವವರನ್ನು ನಾನು ನೋಡಿದ್ದೇನೆ. ಓಡಬೇಕಾಗಿಲ್ಲ, ಅದರ ಕೆಲಸ ಮುಗಿದಿದೆ. ಹೆಣ್ಣು ಗೊಂಚಲು ಕಾಂಡಕ್ಕೂ ದಪ್ಪ ಕೊಂಬೆಗೂ ಹತ್ತಿರವಾಗಿ ಮೂಡುತ್ತದೆ. ಹತ್ತಾರು ಕಿಲೋ ತೂಗುವ ಹಣ್ಣನ್ನು ಸಣ್ಣ ಕಡ್ಡಿ ಹೊರಲಾರದು. ನಾವು ಒಂದು ಹಣ್ಣು ಎನ್ನುವುದು ನಿಜವಾಗಿ ನೂರಾರು ಹೂವುಗಳ ಕೂಟ. ಹೊರಗಿನ ಒಂದೊಂದು ಮುಳ್ಳೂ ಒಂದೊಂದು ಹೂವಿನ ತುದಿ. ಪರಾಗ ತಲುಪಿದ ಹೂವು ತೊಳೆಯಾಗುತ್ತದೆ, ತಲುಪದ ಹೂವು ತೊಳೆಗಳ ನಡುವೆ ಸಿಗುವ ನಾರಾಗುತ್ತದೆ. ನಡುವಿನ ದಿಂಡು ಆ ಎಲ್ಲ ಹೂವುಗಳು ಕೂತಿದ್ದ ಕಡ್ಡಿ. ಮುಂದಿನ ಸಲ ಹಣ್ಣು ಬಿಡಿಸುವಾಗ, ಕೈಗೆ ಎಣ್ಣೆ ಹಚ್ಚಿಕೊಂಡ ಮೇಲೆ, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದನ್ನು ತೋರಿಸಿ. ಶಾಲೆಯ ಚಿತ್ರಕ್ಕಿಂತ ಇದು ಚೆನ್ನಾಗಿ ನೆನಪಿರುತ್ತದೆ.

ಕನ್ನಡದಲ್ಲಿ ಇಂಥದ್ದನ್ನು ಕೈಹಿಡಿದು ತೋರಿಸಿದವರು ಬಿ.ಜಿ.ಎಲ್. ಸ್ವಾಮಿ. ಅವರ 'ಹಸುರು ಹೊನ್ನು' ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು ಎಂಬುದು ಓದುಗರಿಗೆ ಗೊತ್ತು. ಅವರು ಅಮೆರಿಕದ ಹಾರ್ವರ್ಡಿನಲ್ಲಿ ಯಾರ ಜೊತೆ ಕೆಲಸ ಮಾಡಿದರೋ ಆ ಇರ್ವಿಂಗ್ ಬೈಲಿ ಕ್ಯಾಂಬಿಯಂ ಪೊರೆಯ ಅಧ್ಯಯನಕ್ಕೆ ಹೆಸರಾದವರು ಎಂಬುದು ಅಷ್ಟಾಗಿ ಗೊತ್ತಿಲ್ಲ.

ಆ ಪೊರೆಯ ಬೆಲೆ ಏನೆಂದು ಗುಬ್ಬಿ ತಾಲ್ಲೂಕಿನ ಚೇಳೂರು ಚೆನ್ನಾಗಿ ಬಲ್ಲದು. ಚೇಳೂರಿನ ರೈತ ಎಸ್.ಎಸ್. ಪರಮೇಶ್ ಅವರ ತೋಟದಲ್ಲಿ ಅವರ ತಂದೆ ಸಿದ್ದಪ್ಪನವರು ನೆಟ್ಟ ಒಂದು ಹಲಸಿನ ಮರ ಇದೆ. ತೊಳೆ ತಾಮ್ರಗೆಂಪು, ಬಹಳ ಸಿಹಿ. ಹಣ್ಣಿನ ಸರಾಸರಿ ತೂಕ ಎರಡೂವರೆ ಕಿಲೋಗಿಂತ ಸ್ವಲ್ಪ ಕಡಿಮೆ, ಅಂದರೆ ಒಂದು ಮನೆಯವರು ಒಂದೇ ಹೊತ್ತಿನಲ್ಲಿ ತಿಂದು ಮುಗಿಸುವಷ್ಟು. ತುಮಕೂರಿನ ಪಕ್ಕದ ಹಿರೇಹಳ್ಳಿಯಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರ ಇದೆ. ಅಲ್ಲಿನ ವಿಜ್ಞಾನಿಗಳು ಈ ಮರವನ್ನು ಗುರುತಿಸಿ, ಪರೀಕ್ಷಿಸಿ, ತಂದೆಯ ನೆನಪಿಗೆ 'ಸಿದ್ದು' ಎಂದು ಹೆಸರಿಟ್ಟು, 2017ರಲ್ಲಿ ಸಸಿ ಬೆಳೆಸುವ ಒಪ್ಪಂದ ಮಾಡಿಕೊಂಡರು. ಸಸಿ ಮಾರಿ ಬಂದ ಹಣದಲ್ಲಿ ಶೇ 75 ಪಾಲು ಮರದ ಯಜಮಾನರಿಗೆ. ಮರವನ್ನು ಉಳಿಸಿಕೊಂಡ ಮನೆಗೆ ಸಲ್ಲಬೇಕಾದ್ದು ಸಂದ ಅಪರೂಪದ ಒಪ್ಪಂದ ಇದು, ನನಗೆ ಬಹಳ ಮೆಚ್ಚಿಗೆಯಾದದ್ದು.

ಸಿದ್ದು ಹಣ್ಣಿನ ಬೀಜ ಹಾಕಿದರೆ ಸಿದ್ದು ಬರುವುದಿಲ್ಲ. ಪರಾಗ ಎಲ್ಲಿಂದ ಬಂತೋ ಯಾರಿಗೆ ಗೊತ್ತು, ಪ್ರತಿ ಬೀಜವೂ ಹೊಸ ಮಗು. ಆ ಒಂದೇ ಮರವನ್ನು ಸಾವಿರ ಮಾಡುವ ದಾರಿ ಕಸಿ. ತಾಜಾ ಬೀಜ ಹಾಕಿ ಸಸಿ ಎಬ್ಬಿಸುತ್ತಾರೆ, ಹಲಸಿನ ಬೀಜ ಒಣಗಿದರೆ ಮೊಳೆಯುವುದಿಲ್ಲ. ಸಿದ್ದು ಮರದ ಕಡ್ಡಿಯ ಎಲೆಗಳನ್ನು ಒಂದು ವಾರ ಹತ್ತು ದಿನ ಮೊದಲೇ ಸವರಿ ಬಿಟ್ಟಿರುತ್ತಾರೆ, ಆಗ ಕಡ್ಡಿಯ ಮೊಗ್ಗು ಉಬ್ಬಿ ತಯಾರಾಗುತ್ತದೆ. ಸಸಿಯ ಎಳೆಯ ಕಾಂಡವನ್ನು ಕತ್ತರಿಸಿ ನಡುವೆ ಸೀಳಿ, ಕಡ್ಡಿಯ ಬುಡವನ್ನು ಬೆಣೆಯಂತೆ ಕೆತ್ತಿ ಆ ಸೀಳಿಗೆ ಇಳಿಸುತ್ತಾರೆ. ಕಸಿಗಾರನ ಕಣ್ಣು ಇಡೀ ಹೊತ್ತು ಅಂಚಿನ ಮೇಲೆ. ಎರಡೂ ಕಡೆಯ ತೊಗಟೆಯ ಅಂಚು, ಅಂದರೆ ಕ್ಯಾಂಬಿಯಂ, ಒಂದಕ್ಕೊಂದು ತಾಗಲೇಬೇಕು. ಕಡ್ಡಿ ಸಣ್ಣದಾಗಿದ್ದರೆ ಒಂದು ಬದಿಯಾದರೂ ತಾಗಬೇಕು. ನಡುವಿನ ಮರಕ್ಕೆ ಮರ ಎಷ್ಟು ಚೆನ್ನಾಗಿ ಕೂತರೂ ಪ್ರಯೋಜನವಿಲ್ಲ, ಅಲ್ಲಿ ಬೆಳೆಯುವ ಜೀವ ಇಲ್ಲ. ಅಂಚು ತಾಗಿದರೆ ಮೂರು ನಾಲ್ಕು ವಾರದಲ್ಲಿ ಎರಡು ಮರಗಳ ಕೊಳವೆಗಳು ಕೂಡಿಕೊಂಡು ಕಡ್ಡಿ ಚಿಗುರುತ್ತದೆ. ಬೇರು ಯಾವುದೋ ಹಲಸಿನದು, ಮೇಲಿನದು ಸಿದ್ದು.

ತೆಂಗಿಗೆ ಈ ಭಾಗ್ಯವಿಲ್ಲ. ತಾಗಿಸಲು ಪೊರೆಯೇ ಇಲ್ಲದ ಮೇಲೆ ಕಸಿ ಎಲ್ಲಿಂದ ಬರಬೇಕು? ಎತ್ತರದ ತಳಿಗಳಲ್ಲಿ ಹೊಂಬಾಳೆಯ ಗಂಡು ಹೂ ಉದುರಿದ ಮೇಲೆ ಹೆಣ್ಣು ಹೂ ಅರಳುವುದರಿಂದ ಪರಾಗವೂ ಸಾಮಾನ್ಯವಾಗಿ ಬೇರೆ ಮರದ್ದು. ಒಳ್ಳೆಯ ತಾಯಿಮರ ಹುಡುಕಿ ಬಿತ್ತನೆ ಕಾಯಿ ಆರಿಸುವುದಕ್ಕೆ ನಮ್ಮ ಹಿರಿಯರು ಅಷ್ಟು ಮಹತ್ವ ಕೊಟ್ಟದ್ದು ಬೇರೆ ಉಪಾಯ ಇಲ್ಲದ್ದರಿಂದ. 1932ರಲ್ಲಿ ಈಗಿನ ಕಾಸರಗೋಡು ಜಿಲ್ಲೆಯ ನೀಲೇಶ್ವರದಲ್ಲಿ ಜೆ.ಎಸ್. ಪಟೇಲ್ ಎತ್ತರದ ತೆಂಗಿಗೆ ಗಿಡ್ಡ ತೆಂಗಿನ ಪರಾಗ ಕೊಟ್ಟು ಮೊದಲ ಮಿಶ್ರತಳಿ ಮಾಡಿದರು. ಅಲ್ಲಿಂದ ಇಲ್ಲಿಯವರೆಗೆ ಮಿಶ್ರತಳಿಯ ಪ್ರತಿ ಕಾಯಿಗೂ ಯಾರಾದರೂ ಹೊಂಬಾಳೆಯ ಹತ್ತಿರ ಹತ್ತಿ ಕೈಯಾರೆ ದುಡಿಯಬೇಕು.

ಕಸಿ ಸಸಿ ತಂದು ನೆಟ್ಟವರಿಗೆ ಎರಡು ಮಾತು. ಕಸಿಯ ಗಂಟಿನ ಕೆಳಗೆ ಚಿಗುರು ಬಂದರೆ ಬಂದ ಹಾಗೆ ಚಿವುಟಿ, ಅದು ಸಿದ್ದು ಅಲ್ಲ, ಕೆಳಗಿನ ಕಾಡು ಸಸಿ. ಬಿಟ್ಟರೆ ಬೇರಿನ ನೀರೆಲ್ಲ ಅದೇ ಕುಡಿದು ಮೇಲಿನದನ್ನು ಒಣಗಿಸುತ್ತದೆ. ಇನ್ನು, ಗಂಟಿಗೆ ಸುತ್ತಿದ ಪ್ಲಾಸ್ಟಿಕ್ ಪಟ್ಟಿ. ಕಸಿ ಕೂಡಿಕೊಂಡ ಮೇಲೂ ಎಷ್ಟೋ ಸಸಿಗಳಲ್ಲಿ ಅದು ಹಾಗೇ ಉಳಿದಿರುತ್ತದೆ. ನೆಡುವ ದಿನವೇ ಬ್ಲೇಡಿನಿಂದ ಮೆಲ್ಲಗೆ ಸೀಳಿ ಬಿಚ್ಚಿಬಿಡಿ. ಬಿಚ್ಚದಿದ್ದರೆ ಸಸಿ ದಪ್ಪವಾದಂತೆ ನಮ್ಮ ಹಿತ್ತಿಲಿನ ತಂತಿ ಮಾಡಿದ ಕೆಲಸವನ್ನೇ ಅದೂ ಮಾಡುತ್ತದೆ.